ಗಂಡುಹುಳದ ಚಿಕ್ಕಮ್ಮ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ಬೆಳೆಸಿದ್ದು ಎಂದು ಈಗ ಬಿಡಿಸಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದೇ ಅನುಮಾನಿಸುವುದನ್ನು. ಕೊನೆಗೆ ನನ್ನ ನೆನಪನ್ನೂ ಬಿಡಲಿಲ್ಲ. ಆದರೂ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ: ಹುಳವನ್ನು ಕೊಲ್ಲುವ ಮೊದಲು ಅದು ಗಂಡೋ ಹೆಣ್ಣೋ ಎಂದು ವಿಚಾರಿಸುತ್ತಿದ್ದವರು ಗೋಣಿಬೀಡಿನ ಸುತ್ತಮುತ್ತ ನನ್ನ ಚಿಕ್ಕಮ್ಮ ಒಬ್ಬರೇ!

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ತೋಟದ ಕಾಯಿಕೊರಕದ ಬೆನ್ನು ಹತ್ತಿದರು. ಕಾಫಿ ಹಣ್ಣಿಗೆ ತೂತು ಕೊರೆದು ಬೀಜ ತಿನ್ನುವ ಪುಟಾಣಿ ಕರಿಹುಳ ಅದು. ಬೇರೆಯವರು ಔಷಧಿ ಹೊಡೆದರೆ ಇವರು ಭೂತಗನ್ನಡಿ ಹಿಡಿದರು.

ಆಲ್ದೂರಿನ ಒಂದು ಮದುವೆ ಊಟದಲ್ಲಿ ಪಕ್ಕದ ಪ್ಲಾಂಟರ್ ಕೇಳಿದರು, "ಯಾವ ಔಷಧಿ ಒಳ್ಳೇದು ಮೇಡಂ?" ಚಿಕ್ಕಮ್ಮ ವ್ಯಾನಿಟಿ ಬ್ಯಾಗಿನಿಂದ ಕಾಫಿ ಹಣ್ಣೊಂದನ್ನು ತೆಗೆದು, ಊಟದ ಎಲೆಯ ತುದಿಯಲ್ಲೇ ಇಟ್ಟು ಸೀಳಿದರು!

"ಇವಳು ತಾಯಿ. ಇವರೆಲ್ಲ ಹೆಣ್ಣುಮಕ್ಕಳು. ಈ ಕುಳ್ಳ, ಗಂಡು. ಇವನಿಗೆ ಹಾರೋಕೆ ಬರಲ್ಲ, ಹುಟ್ಟಿದ ಹಣ್ಣು ಬಿಟ್ಟು ಹೋಗಲ್ಲ. ಊರೆಲ್ಲ ಹಬ್ಬೋದು ಹೆಣ್ಣು. ವಂಶವಾಹಿ ತಿದ್ದಿ ಬರೀ ಗಂಡೇ ಹುಟ್ಟೋ ಹಾಗೆ ಮಾಡಿದ್ರೆ? ಅಲ್ಲಿಗೆ ವಂಶ ಖತಂ! ಬೇರೆ ಹುಳಗಳಲ್ಲಿ ವಿಜ್ಞಾನಿಗಳು ಮಾಡಿ ನೋಡ್ತಿದ್ದಾರೆ."

ಪ್ಲಾಂಟರ್ ಪಾಯಸ ಬೇಡವೆಂದು ಎದ್ದರು.

ಮನೆಯಲ್ಲೂ ಇದೇ ಪಾಠ. "ಈ ಹುಳದ ಗಂಡುಮಕ್ಕಳಲ್ಲಿ ಅಪ್ಪನಿಂದ ಬಂದ ಅಂಶ ಕೆಲಸವನ್ನೇ ಮಾಡಲ್ಲ, ಗೊತ್ತಾ? ಮೂಲೇಲಿ ಮುದುಡಿಕೊಂಡು ಕೂತಿರುತ್ತೆ!" ಚಿಕ್ಕಪ್ಪ ಪೇಪರಿನ ಹಿಂದಿನಿಂದಲೇ ಹೇಳಿದರು, "ಅದಕ್ಕೆ ಹುಳ ಎಂತಕ್ಕೆ ಮಾರಾಯ್ತಿ? ನನ್ನನ್ನೇ ತೋರಿಸು."

ತೋಟದ ಆಳುಗಳ ಲೈನ್ ಮನೆಗಳಲ್ಲಿ ಸುದ್ದಿ ಹೇಗೆ ಹಬ್ಬಿತೋ! ತೋಟದಲ್ಲಿ ಕೆಲಸ ಮಾಡುವ ಗಿರಿಜ ಬಂದು ನಿಂತಳು. ಬೆಳಿಗ್ಗೆಯೋ ಸಂಜೆಯೋ, ನನ್ನ ನೆನಪಿನಲ್ಲಿ ಎರಡೂ ಇವೆ.

"ಅಮ್ಮಾವ್ರೇ, ಹುಳಕ್ಕೆ ಗಂಡು ಹುಟ್ಟೋ ಮದ್ದು ಕೊಡ್ತೀರಂತೆ. ನಂಗೂ ಒಂಚೂರು ಕೊಡಿ."

ನಾನು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಗಿರಿಜಳಿಗೆ ಇಬ್ಬರು ಹೆಣ್ಣುಮಕ್ಕಳು. ಈಗ ಮತ್ತೆ ಬಸುರಿ. ಇದೂ ಹೆಣ್ಣಾದರೆ ತವರಿಗೆ ಹೋಗು, ವಾಪಸ್ ಬರಬೇಡ ಎಂದು ಗಂಡ ಸುರೇಶ ಹೇಳಿದ್ದನಂತೆ.

ಚಿಕ್ಕಮ್ಮ ಮಡಿಲಲ್ಲಿ ಕಾಫಿ ಹಣ್ಣು ಕಟ್ಟಿಕೊಂಡು ನೇರ ಅವರ ಮನೆಗೆ ನಡೆದರು. ಗಿರಿಜಳ ಕೈಗೆ ಬರೀ ಕೆಂಪು ಹಣ್ಣು; ಸುರೇಶನ ಕೈಗೆ ಕೆಂಪು, ಹಸಿರು ಎರಡೂ.

"ಇಬ್ಬರೂ ಒಂದೊಂದು ಹಣ್ಣು ನೆಲಕ್ಕೆ ಹಾಕ್ರಿ. ಎರಡೂ ಕೆಂಪಾದ್ರೆ ಹೆಣ್ಣು, ಒಂದು ಹಸಿರಾದ್ರೆ ಗಂಡು. ನೋಡದೆ ಹಾಕಾ ಸುರೇಶ!"

ಅವನು ಹಾಕಿದ್ದು ಕೆಂಪು. ಮತ್ತೆ ಹಾಕಿದ, ಮತ್ತೆ ಕೆಂಪು.

"ಅವಳತ್ರ ಹಸಿರೇ ಇಲ್ಲ. ಈಗ ಹೇಳು, ತವರಿಗೆ ಹೋಗ್ಬೇಕಾದವ್ರು ಯಾರು?"

ಬಾಗಿಲಲ್ಲಿ ನಿಂತಿದ್ದ ಗಿರಿಜಳ ಅತ್ತೆ ಮಗನನ್ನೇ ದುರುಗುಟ್ಟಿ ನೋಡಿದರು.

ಹಣ್ಣಿನ ಬಣ್ಣ ನಾನು ಆಮೇಲೆ ಬಳಿದದ್ದಿರಬಹುದು. ಚಿಕ್ಕಮ್ಮನನ್ನು ಕೇಳೋಣವೆಂದರೆ ಈಗ ಅವರಿಲ್ಲ.

ಮೊನ್ನೆ ಬಸ್ ಸ್ಟಾಪಿನಲ್ಲಿ ಸುರೇಶ ಸಿಕ್ಕಿದ. ಹೆಗಲ ಮೇಲೆ ನಿದ್ದೆಹೋದ ಮಗು, ಪಕ್ಕದಲ್ಲಿ ಗಿರಿಜ, ಸೆರಗು ಹಿಡಿದ ಇಬ್ಬರು ಹುಡುಗಿಯರು.

"ಇದು..?" ಎಂದೆ.

"ಹೆಣ್ಣೇ ಸಾರ್. ಮೂರೂ ನನ್ನಿಂದಾನೇ!" ಎಂದು ಎದೆಯುಬ್ಬಿಸಿದ.

ಇವನು ಇಷ್ಟು ಬದಲಾದದ್ದು ನಿಜವೇ ಎಂದು ಗಿರಿಜಳನ್ನು ವಿಚಾರಿಸಿದೆ.

"ಹೌದು ಸಾರ್," ಎಂದಳು. "ಊರವ್ರಿಗೆಲ್ಲ ಹಿಂಗೇ ಹೇಳ್ಕೊಂಡು ತಿರುಗ್ತಾರೆ."