ಜಾಡಿ ಮಾಸ್ತರ ಸೋಫಾ ಟೀವಿಗೆ ಹೋದದ್ದು

ವಸ್ತುವನ್ನು ಕೆಡದಂತೆ ಇಡುವುದು ಒಂದು ಮಹಾವಿದ್ಯೆ. ಆ ವಿದ್ಯೆಯಲ್ಲಿ ಜಾಡಿ ಮಾಸ್ತರನ್ನು ಮೀರಿಸಿದವರಿರಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕಪ್ಪೆ, ಚೇಳು, ಎರಡು ತಲೆಯ ಹಾವಿನ ಮರಿ ಇವನ್ನೆಲ್ಲ ಗಾಜಿನ ಜಾಡಿಗಳಲ್ಲಿ ಔಷಧದ ನೀರು ತುಂಬಿಸಿಟ್ಟು ಕಾಪಾಡಿದವರು ಅವರು. (ಪಾಠ ಹೇಳಿದವರಲ್ಲ, ಬರೀ ಸಹಾಯಕರು. ಆದರೂ ಹುಡುಗರು ಮಾಸ್ತರು ಎಂದರು, ಅವರೂ ಬೇಡವೆನ್ನಲಿಲ್ಲ.) ಅದೇ ವಿದ್ಯೆಯನ್ನು ಅವರು ಮನೆಯಲ್ಲೂ ಪ್ರಯೋಗಿಸಿದ್ದರಿಂದ ಅವರ ಹೆಂಡತಿಯ ಗೋಳು ಶುರುವಾಯಿತು.

ಹಾಲಿನಲ್ಲಿ ಒಂದು ಸೋಫಾ ಇತ್ತು. ಮದುವೆಯಾದ ವರ್ಷ ಕೊಂಡದ್ದು. ಅಂಗಡಿಯವನು ಹೊದಿಸಿ ಕಳಿಸಿದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಅದರ ಮೇಲೇ ಇತ್ತು. ಬೇಸಿಗೆಯಲ್ಲಿ ಅದರ ಮೇಲಿಂದ ಎದ್ದರೆ ಚರ್ರ್ ಎಂದು ಸದ್ದಾಗಿ, ಎದ್ದವರು ಏನಾದರೂ ಹರಿಯಿತೇನೋ ಎಂದು ಹಿಂದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎಡತುದಿ ಮಾಸ್ತರದು. ಬಲತುದಿಯಲ್ಲಿ ಹಳೆಯ ರೇಡಿಯೋ, ಏಕೆಂದರೆ ಕಪಾಟಿನಲ್ಲಿಟ್ಟರೆ ಅದಕ್ಕೆ ಥಂಡಿ ಹಿಡಿಯುತ್ತದೆ. ನಡುವಿನ ಜಾಗ ನೆಂಟರಿಗೆ ಮೀಸಲು. ದಿನಾ ಕೂತರೆ ಸ್ಪ್ರಿಂಗ್ ಸೋಲುತ್ತದೆ ಎಂಬುದು ಮಾಸ್ತರ ಸಿದ್ಧಾಂತ. ಹಾಗಾಗಿ ಅವರ ಹೆಂಡತಿ ಟೀವಿ ನೋಡುತ್ತಿದ್ದದ್ದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು.

ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಬೀದಿಗೆಲ್ಲ ಆಪರೇಟರಮ್ಮ. ಇಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಶನಿವಾರ ಸಂಜೆ ಏಳು ಗಂಟೆಗೆ ಇಬ್ಬರ ಕಣ್ಣೂ ಒಂದೇ ಕಡೆ ನೆಡುತ್ತಿತ್ತು. ಅದು ಪತ್ತೇದಾರಿ ಧಾರಾವಾಹಿಯ ಹೊತ್ತು. ಜನ ಫೋನಿಗೆ ಬೀಗ ಹಾಕಿಡುತ್ತಿದ್ದ ಕಾಲದ ಕಥೆ. ದಪ್ಪ ಕಪ್ಪು ಕನ್ನಡಕದ ಇನ್‌ಸ್ಪೆಕ್ಟರು ಸ್ಕೂಟರನ್ನು ವಾಲಿಸಿ, ಒದ್ದು, ಎಬ್ಬಿಸಿ ಬರುವಷ್ಟರಲ್ಲಿ ಅಲ್ಲೊಂದು ಹೆಣ ಬಿದ್ದಿರುತ್ತಿತ್ತು.

"ಲೇ ಇವಳೇ, ಬೇಗ ಬಾರೇ! ಆ ಟೇಬಲ್ ಫ್ಯಾನ್ ನೋಡು. ಥೇಟ್ ನಮ್ದೇ!"

"ಫ್ಯಾನ್ ಹಾಳಾಗ್ಲಿ ಬಿಡ್ರೀ. ಕೊಲೆ ಮಾಡಿದ್ದು ಆ ಅಳಿಯ. ಫೋನಲ್ಲಿ ಹಲೋ ಅನ್ನೋಕೆ ಮುಂಚೆ ಉಸಿರು ಎಳ್ಕೊಂಡ. ಸುಳ್ಳು ಹೇಳೋರೆಲ್ಲ ಹಾಗೇ."

"ಅಳಿಯ ಅಲ್ಲ ಕಣೇ, ಡಾಕ್ಟ್ರು! ಅಂಥಾ ಗೋಡೆ ಗಡಿಯಾರಕ್ಕೆ ಮೂರು ದಿನದಿಂದ ಕೀ ಕೊಟ್ಟಿಲ್ಲ ಅವನು. ಅಂಥವನು ಏನು ಬೇಕಾದ್ರೂ ಮಾಡ್ತಾನೆ."

ಅರ್ಧ ಗಂಟೆಯಲ್ಲಿ ಅಳಿಯನ ಕೈಗೆ ಕೋಳ ಬಿತ್ತು. ಮಾಸ್ತರಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಫ್ಯಾನ್ ಇನ್ನೊಮ್ಮೆ ಕಂಡರೆ ಸಾಕಿತ್ತು.

"ಆ ಹೆಣ ಬಿದ್ದಿರೋ ಸೋಫಾನಾದ್ರೂ ನೋಡ್ರೀ," ಎಂದರು ಒಮ್ಮೆ ಆಪರೇಟರಮ್ಮ. "ಹಳೇ ಕಾಲದ ಕಥೆ ಅಂತಾರೆ, ಅವರ ಸೋಫಾನೇ ನಮ್ಮದಕ್ಕಿಂತ ಹೊಸದಾಗಿದೆ. ನಾವೂ ಒಂದು ಹೊಸದು ತಗೊಳ್ಳೋಣ."

"ಕಾಪಾಡೋಕೆ ಬರದೇ ಇರೋರು ಹೊಸದು ತಗೋತಾರೆ," ಎಂದರು ಮಾಸ್ತರು, ಚರ್ರ್ ಎಂದು ಈಚೆ ಸರಿದು.

ಅದೇ ದಿನ ಧಾರಾವಾಹಿ ಮುಗಿದ ಮೇಲೆ ತೆರೆಯ ಮೇಲೆ ಒಂದು ಪ್ರಕಟಣೆ ಬಂತು. ಆ ಕಾಲದ ಸಾಮಾನುಗಳು ಯಾರ ಬಳಿಯಾದರೂ ಇದ್ದರೆ ಚಿತ್ರೀಕರಣಕ್ಕೆ ಕೊಟ್ಟು ಸಹಕರಿಸಬೇಕು, ಈ ನಂಬರಿಗೆ ಫೋನ್ ಮಾಡಿ. ಮಾಸ್ತರು ಕೊರಳ ದಾರಕ್ಕೆ ಜೋತಿದ್ದ ಕನ್ನಡಕವನ್ನು ಮೂಗಿಗೇರಿಸುವುದರೊಳಗೆ ಆಪರೇಟರಮ್ಮ ಫೋನ್ ಮಾಡಿ ಮುಗಿಸಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಆಕೆಯ ಲೆಕ್ಕಾಚಾರ. ಶೂಟಿಂಗಿಗೆ ಹೋದ ಸಾಮಾನು ನೆಟ್ಟಗೆ ಹಿಂದಿರುಗಿದ್ದನ್ನು ಯಾರು ಕಂಡಿದ್ದಾರೆ?

ಕಲಾ ವಿಭಾಗದ ಗಡ್ಡದ ಮನುಷ್ಯ ಬಂದು, ಬಾಗಿಲಲ್ಲೇ ನಿಂತುಬಿಟ್ಟ. ಅವನ ಕಣ್ಣು ತುಂಬಿ ಬಂತು.

"ಈ ಸೆಟ್ ಯಾರು ಹಾಕಿದ್ದು ಸರ್?"

"ಸೆಟ್ ಅಲ್ಲಪ್ಪಾ, ಮನೆ," ಎಂದರು ಮಾಸ್ತರು ಗಂಭೀರವಾಗಿ.

ಅವನು ಸೋಫಾದ ಎಡತುದಿಯಲ್ಲಿ ಕೂತು ಕೂತು ಬಿದ್ದಿದ್ದ ಗುಂಡಿಯನ್ನು ಬೆರಳಿಂದ ಸವರಿದ. "ಸೋಫಾ ಎಂಥದ್ದು ಬೇಕಾದ್ರೂ ಮಾಡಿಸ್ಬೋದು. ಈ ಗುಂಡಿ ಮಾತ್ರ ನಮ್ಮ ಕೈಲಿ ಆಗಲ್ಲ. ಇದಕ್ಕೆ ಒಂದು ಜೀವಮಾನ ಕೂತಿರಬೇಕು."

ತಮ್ಮ ಸಾಧನೆಯನ್ನು ಗುರುತಿಸುವ ಒಬ್ಬನಾದರೂ ಹುಟ್ಟಿದನಲ್ಲ ಎಂದು ಮಾಸ್ತರು ಹಿರಿಹಿರಿ ಹಿಗ್ಗಿದರು. ಆದರೂ ಎಚ್ಚರ ತಪ್ಪಲಿಲ್ಲ. ಯಾವ ಕಾರಣಕ್ಕೂ, ಯಾರು ಏನೇ ಹೇಳಿದರೂ, ಇದ್ದದ್ದನ್ನು ಇದ್ದ ಹಾಗೇ ತಂದೊಪ್ಪಿಸತಕ್ಕದ್ದು ಎಂದು ಕಾಗದದಲ್ಲಿ ಬರೆಸಿಕೊಂಡರು. ಅವರು ಅದನ್ನು ಎರಡೆರಡು ಸಲ ಓದುತ್ತಿದ್ದಾಗ ಆಪರೇಟರಮ್ಮ ಗಡ್ಡದವನಿಗೆ ಅಡುಗೆಮನೆಯಲ್ಲಿ ಕಾಫಿ ಕೊಟ್ಟು ಮಾತಾಡುತ್ತಿದ್ದರು. ಒಂದು ಗಂಟೆ ಮಾತಾಡಿದರು. ಜೀವಮಾನವಿಡೀ ಪರರ ಮಾತನ್ನು ತಂತಿಯಿಂದ ತಂತಿಗೆ ದಾಟಿಸಿದ ಹೆಂಗಸಿಗೆ ತನ್ನ ಮಾತು ಆಡಲು ಅಷ್ಟು ಹೊತ್ತು ಸಿಕ್ಕಿದ್ದು ಅದೇ ಮೊದಲು. ಗಡ್ಡದವನು ಏನೇನೋ ಬರೆದುಕೊಂಡ.

ರೇಡಿಯೋ ಸಮೇತ ಸೋಫಾ ಹೋಯಿತು. ಎರಡು ತಿಂಗಳು ಮಾಸ್ತರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಗಳನ್ನು ಗಂಡನ ಮನೆಗೆ ಕಳಿಸಿದ ತಂದೆಯಂತೆ ಬಾಗಿಲು ನೋಡಿದರು. ಕೊನೆಗೆ ಸೋಫಾ ಕಾಣಿಸುವ ಶನಿವಾರ ಬಂತು. ಮಾಸ್ತರು ತಾವೇ ಮನೆಮನೆಗೆ ಹೋಗಿ ಬೀದಿಯನ್ನೆಲ್ಲ ಕರೆದರು. ದರ್ಜಿ ಬಂದ, ಕಾಂಪೌಂಡರು ಸಂಸಾರ ಸಮೇತ ಬಂದರು, ಎದುರುಮನೆ ನರ್ಸಮ್ಮ ಕುರ್ಚಿ ಹೊತ್ತುಕೊಂಡೇ ಬಂದರು. ಆಪರೇಟರಮ್ಮ ಬಾಗಿಲಿಗೆ ಒರಗಿ ನಿಂತರು.

ತೆರೆಯ ಮೇಲೆ ಸೋಫಾ ಕಂಡಿತು. "ಅದೇ! ಅದೇ!" ಎಂದು ಮಾಸ್ತರು ಚಪ್ಪಾಳೆ ತಟ್ಟಿದರು. ಸೋಫಾದ ಮುಂದೆ, ನೆಲದ ಮೇಲೆ, ಮನೆಯ ಯಜಮಾನ ಸತ್ತು ಬಿದ್ದಿದ್ದ. ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ. ಯಜಮಾನನ ಕನ್ನಡಕಕ್ಕೆ ಕಪ್ಪು ದಾರ, ಬನಿಯನ್ನಿನ ಮೇಲೆ ತೋಳಿಲ್ಲದ ಸ್ವೆಟರ್.

"ಥೇಟ್ ನಿಮ್ಮ ಹಾಗೇ ಇದಾನಲ್ಲ ಮಾಸ್ತರೇ!" ಎಂದ ದರ್ಜಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ತರ ಕೈ ತಾನಾಗಿ ಕನ್ನಡಕದ ದಾರಕ್ಕೆ ಹೋಯಿತು.

ಇನ್‌ಸ್ಪೆಕ್ಟರು ಹೆಣದ ಕಡೆ ನೋಡಲೇ ಇಲ್ಲ. ಬಲತುದಿಯ ರೇಡಿಯೋ ನೋಡಿದರು, ಸವೆಯದ ನಡುಭಾಗ ನೋಡಿದರು, ಎಡತುದಿಯ ಗುಂಡಿಯ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಎದ್ದು, ಮೆಲ್ಲಗೆ ಹೇಳಿದರು: "ಈ ಮನೇಲಿ ಒಬ್ಬರು ಇಷ್ಟು ವರ್ಷ ಕೂತೇ ಇದ್ದರು. ಹಾಗಾದರೆ ಇನ್ನೊಬ್ಬರು ಇಷ್ಟು ವರ್ಷ ನಿಂತೇ ಇದ್ದರು."

ಬಾಗಿಲ ಬಳಿ ನಿಂತಿದ್ದ ಯಜಮಾನನ ಹೆಂಡತಿ ಅತ್ತುಬಿಟ್ಟಳು. "ಕಾಲು ನೋಯ್ತಿದೆ, ಒಂದು ಗಳಿಗೆ ಕೂತ್ಕೋತೀನಿ ಅಂದೆ ಸಾರ್. ಸ್ಪ್ರಿಂಗ್ ಸೋಲುತ್ತೆ ಅಂದ್ರು. ಕೈಲಿ ಇಸ್ತ್ರಿ ಪೆಟ್ಟಿಗೆ ಇತ್ತು."

"ಅಯ್ಯೋ ಪಾಪ," ಎಂದಿತು ಇಡೀ ಹಾಲ್. ಆ ಪಾಪ ಸತ್ತವನಿಗೆ ಹೇಳಿದ್ದಲ್ಲ ಎಂಬುದು ಮಾಸ್ತರಿಗೆ ಚೆನ್ನಾಗಿ ತಿಳಿಯಿತು. ಇನ್‌ಸ್ಪೆಕ್ಟರು ಆಕೆಗೆ ಕೋಳ ಹಾಕುವ ಮೊದಲು, "ಒಂದು ಗಳಿಗೆ ಕೂತ್ಕೊಳ್ಳಮ್ಮ," ಎಂದಾಗ ನರ್ಸಮ್ಮ ಮೂಗು ಒರೆಸಿಕೊಂಡರು. ಮಾಸ್ತರು ತಿರುಗಿ ಅಡುಗೆಮನೆಯ ಬಾಗಿಲು ನೋಡಿದರು. ತಮ್ಮ ಹೆಂಡತಿ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸುತ್ತಿದ್ದುದನ್ನು ಅವರು ಕಂಡದ್ದು ಅಂದೇ. ಅವರಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ.

ಮರುದಿನ ಬೆಳಿಗ್ಗೆ ಅವರೇ ಗಡ್ಡದವನಿಗೆ ಫೋನ್ ಮಾಡಿದರು. "ಸೋಫಾ ವಾಪಸ್ ಬೇಡಪ್ಪಾ. ನೀವೇ ಇಟ್ಕೊಳ್ಳಿ."

"ಆಗಲ್ಲ ಸರ್. ಯಾರು ಏನೇ ಹೇಳಿದ್ರೂ ವಾಪಸ್ ಕೊಡ್ಬೇಕು ಅಂತ ನೀವೇ ಬರೆಸ್ಕೊಂಡಿದೀರಿ. ಗಾಡಿ ಹೊರಟಿದೆ."

ಗಾಡಿ ಬಂದಾಗ ಮಾಸ್ತರು ಗೇಟಿನಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತರು. "ಒಳಗೆ ತರ್ಬೇಡಿ! ಲೇ ಇವಳೇ, ಹೊಸದು ತಗೊಳ್ಳೋಣ ಕಣೇ. ನೀನೇ ಆರಿಸು. ಎಂಥದ್ದಾದ್ರೂ ಸರಿ."

"ಹೊಸದು ಯಾಕ್ರೀ? ಹೊಸದು ಕೇಳಿದ್ದು ಹಳೇದ್ರಲ್ಲಿ ನನಗೆ ಜಾಗ ಇರ್ಲಿಲ್ಲ ಅಂತ," ಎಂದರು ಆಪರೇಟರಮ್ಮ. ಗಾಡಿಯವರ ಕಡೆ ತಿರುಗಿ, "ತನ್ನಿ ಒಳಗೆ. ರೇಡಿಯೋ ಕಪಾಟಿನಲ್ಲಿಡಿ," ಎಂದರು.

ಸೋಫಾ ಇಳಿದ ಕೂಡಲೇ ಆಕೆ ಹೊಲಿಗೆಯ ಕತ್ತರಿ ತಂದು ಪ್ಲಾಸ್ಟಿಕ್ ಹೊದಿಕೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿದರು. ಮಾಸ್ತರು ಕಣ್ಣು ಮುಚ್ಚಿಕೊಂಡರು. ಒಳಗಿನ ಬಟ್ಟೆ ಕಡು ನೀಲಿ ಎಂಬುದು ಅವರಿಗೂ ಮರೆತುಹೋಗಿತ್ತು. ಆಕೆ ನೇರವಾಗಿ ಎಡತುದಿಗೆ ಹೋಗಿ, ಗುಂಡಿಯಲ್ಲಿ ಹಾಯಾಗಿ ಇಳಿದು ಕೂತರು.

ಆಮೇಲೆ ಜನ ಬರತೊಡಗಿದರು. ಕೊಲೆಯಾದ ಸೋಫಾ ನೋಡಬೇಕೆಂದು ನಾಲ್ಕು ಬೀದಿಗಳಾಚೆಯಿಂದಲೂ ಬಂದರು. ಆಪರೇಟರಮ್ಮ ಕೂತಲ್ಲಿಂದ ಏಳದೆ ಎಲ್ಲರನ್ನೂ ಬರಮಾಡಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಕಾಫಿಯ ತಟ್ಟೆ ಹಿಡಿದು ಅಡುಗೆಮನೆಗೂ ಹಾಲಿಗೂ ಓಡಾಡಿದವರು ಮಾಸ್ತರು. ನಿಂತು ನಿಂತು ಅವರ ಮೀನಖಂಡ ಹಿಡಿದುಕೊಂಡಿತು.

"ಆ ಯಜಮಾನ್ರು ಸರಿಯಾಗಿ ಎಲ್ಲಿ ಸತ್ತು ಬಿದ್ದಿದ್ದು?" ಎಂದು ಕೇಳಿದರು ನರ್ಸಮ್ಮನ ಜೊತೆ ಬಂದ ಹೆಂಗಸೊಬ್ಬರು.

"ಇವರು ತೋರಿಸ್ತಾರೆ," ಎಂದರು ಆಪರೇಟರಮ್ಮ.

ಮಾಸ್ತರು ತಟ್ಟೆ ಕೆಳಗಿಟ್ಟು, ಮಂಡಿ ಹಿಡಿದು, ನಿಧಾನವಾಗಿ ನೆಲದ ಮೇಲೆ ಅಂಗಾತ ಮಲಗಿದರು. ಬೆನ್ನಿಗೆ ನೆಲ ತಣ್ಣಗೆ ಹಿತವಾಗಿತ್ತು. ಬೆಳಗಿನಿಂದ ಕಾಲಿಗೆ ಸಿಕ್ಕ ಮೊದಲ ವಿಶ್ರಾಂತಿ ಅದೇ. ಆ ನೆಮ್ಮದಿಯಲ್ಲಿ ಅವರು, "ನಿಜ ಹೇಳ್ಬೇಕು ಅಂದ್ರೆ, ಆ ಸ್ಪ್ರಿಂಗು..." ಎಂದು ಶುರುಮಾಡಿದರು.

"ರೀ," ಎಂದರು ಆಪರೇಟರಮ್ಮ ಮೇಲಿನಿಂದ, "ಬಾಯಿ ಮುಚ್ಕೊಳ್ಳಿ. ನೀವು ಸತ್ತಿದೀರಿ."