ನಾಲ್ಕು ಗೋಲಗಳೂ ನಮ್ಮ ಮಕ್ಕಳೂ

ಶಾಲೆಯಲ್ಲಿ ಕೆಲಸ ಮಾಡುವವರು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಹಾಜರಿ ಕರೆಯುವಾಗ ಒಂದು, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಒಂದು, ಏನಾದರೂ ನಡೆಯುತ್ತಲೇ ಇರುತ್ತದೆ. ಆದರೆ ಗೋಲ ತುಂಬುವ ಪರೀಕ್ಷೆ ನಮ್ಮ ಶಾಲೆಗೆ ಕಾಲಿಟ್ಟ ವರ್ಷ ನಾನು ನಕ್ಕಷ್ಟು, ಸಿಟ್ಟಾದಷ್ಟು ಮತ್ತೆಂದೂ ಆಗಲಿಲ್ಲ.

ಗೋವೆಯ ಮಡಗಾಂವಿನ ಒಂದು ಕನ್ನಡ ಶಾಲೆಯಲ್ಲಿ ನಾನು ಐದನೆಯ ತರಗತಿಯ ಟೀಚರು. ಊರು ಧಾರವಾಡ. ಮಕ್ಕಳಿಗೆ ನಾನು ‘ಅಕ್ಕೋರು’. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಅಕ್ಕೋರು ಎಂದು ಮಕ್ಕಳು ಬೆನ್ನ ಹಿಂದೆ ಹೇಳುತ್ತಿದ್ದುದು ನನಗೆ ಗೊತ್ತಿತ್ತು, ಅದು ನಿಜವೂ ಆಗಿತ್ತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಬೆಳಗಾವಿ ಕಡೆಯ ಅಂಗಡಿಕಾರರ ಮಕ್ಕಳೂ ಕೆಲವರಿದ್ದರು.

ಆ ವರ್ಷ ಒಂದು ಸರಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಕೂರಿಸಬೇಕೆಂದು ಹೆಡ್ಮಾಸ್ತರರು ಹಟ ಹಿಡಿದರು. ಅದರಲ್ಲಿ ಉತ್ತರ ಬರೆಯುವ ಕೆಲಸವಿಲ್ಲ. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಸರಿಯಾದದ್ದರ ಗೋಲವನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಬೇಕು. ತಿದ್ದುವುದು ಮಷೀನು. ಪಾಸಾದವರಿಗೆ ಊಟ, ವಸತಿ, ಓದು ಎಲ್ಲ ಅಲ್ಲಿಯೇ.

ಉಳಿದ ಮಕ್ಕಳಿಗೆ ಸೀಟು ಸಿಕ್ಕರೂ ಆಯಿತು, ಸಿಗದಿದ್ದರೂ ಆಯಿತು. ಒಬ್ಬಳಿಗೆ ಮಾತ್ರ ಹಾಗಿರಲಿಲ್ಲ. ಅವಳು ಗೌಂಡಿಯ ಮಗಳು. ಅಪ್ಪ ಗೋಡೆ ಕಟ್ಟಲು ಹೋದಲ್ಲೆಲ್ಲ ಅವಳ ಶಾಲೆ ಬದಲಾಗುತ್ತಿತ್ತು. ಕೆಪೆಯಲ್ಲಿ ಒಂದು ಶಾಲೆ, ವೆರ್ಣಾದ ಹತ್ತಿರ ಇನ್ನೊಂದು, ನಡುವೆ ಶಾಲೆಯೇ ಇಲ್ಲದ ಒಂದು ವರ್ಷ. ಈಗಿನ ಬಿಲ್ಡಿಂಗು ಮಳೆಗಾಲದೊಳಗೆ ಮುಗಿಯುವುದಿತ್ತು. ಮುಂದಿನ ಕೆಲಸ ಸಿಗುವಲ್ಲಿ ಕನ್ನಡ ಶಾಲೆ ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಸೀಟು ಸಿಕ್ಕರೆ ಅವಳು ಒಂದು ಕಡೆ ನಿಂತು ಓದುತ್ತಾಳೆ, ಇಲ್ಲದಿದ್ದರೆ ಜಲ್ಲಿ ರಾಶಿಯ ಪಕ್ಕ ತಮ್ಮನನ್ನು ಎತ್ತಿಕೊಂಡು ಕೂರುತ್ತಾಳೆ. ಅದು ನನಗೆ ಗೊತ್ತಿತ್ತು. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಂಗಡಿ ವಿದ್ಯೆ

ಮೊದಲ ಅಭ್ಯಾಸ ಪರೀಕ್ಷೆ. ಪ್ರಶ್ನೆಪತ್ರಿಕೆ ಹೆಡ್ಮಾಸ್ತರರು ಬರೆದದ್ದು. ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗನೊಬ್ಬ ನಾನು ಸೂಚನೆ ಓದಿ ಮುಗಿಸುವಷ್ಟರಲ್ಲಿ ಗೋಲ ತುಂಬಿ ಮುಗಿಸಿ ನೀರು ಕುಡಿಯಲು ಎದ್ದ. ನೋಡಿದರೆ ಎರಡು ಮತ್ತು ಮೂರನೆಯ ಗೋಲಗಳು ಮಾತ್ರ ಕಪ್ಪಾಗಿವೆ. ಮೊದಲನೆಯದನ್ನೂ ಕಡೆಯದನ್ನೂ ಒಮ್ಮೆಯೂ ಮುಟ್ಟಿಲ್ಲ.

“ಪ್ರಶ್ನಿ ಓದಿದಿಯೇನಪಾ?”

“ಓದೂದು ಯಾಕ ಬೇಕ್ರಿ ಅಕ್ಕೋರ? ಮೊದಲನೇದು ಯಾವಾಗಲೂ ಸುಳ್ಳ ಇರ್ತೈತ್ರಿ. ನಾವು ಮೊದಲ ಹೇಳೋ ರೇಟಿಗೆ ಯಾರರ ಸೀರಿ ತಗೊಂತಾರೇನ್ರಿ?”

“ಮತ್ತ ಕಡೀದು?”

“ಕಡೀ ರೇಟಿಗೆ ಬಿಡೂದು ಡಾಗ್ ಬಿದ್ದು ಯಾರಿಗೂ ಬ್ಯಾಡಾದ ಮಾಲ್ರಿ. ಖರೇದು ನಡುವ ಎಲ್ಲೋ ಇರ್ತೈತಿ.”

ನನ್ನ ತಲೆ ಬಿಸಿಯಾಗಿ ಅವರಪ್ಪನನ್ನು ಕರೆಸಿದೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದ ಅವರು ಎಲ್ಲವನ್ನೂ ಗಂಭೀರವಾಗಿ ಕೇಳಿದರು. ಇನ್ನೇನು ಮಗನ ಕಿವಿ ಹಿಂಡುತ್ತಾರೆ ಅಂದುಕೊಂಡೆ. ಅವರು ಮಾರ್ಕ್ಸು ಎಷ್ಟು ಬಂದವೆಂದು ಕೇಳಿದರು. ಸರಿ ಉತ್ತರವನ್ನು ನಡುವೆ ಬಚ್ಚಿಡುವುದು ಹೆಡ್ಮಾಸ್ತರರ ಅಭ್ಯಾಸವಾದ್ದರಿಂದ ಹುಡುಗನಿಗೆ ಅರ್ಧಕ್ಕರ್ಧ ಬಂದಿತ್ತು. ಹಾಗೆಂದು ಹೇಳಿದೆ.

ಅವರು ಮಗನ ಬೆನ್ನು ಚಪ್ಪರಿಸಿದರು. “ನಾನು ಓದಿ ಓದಿ ಬರದ್ರೂ ಅರ್ಧಾ ಬಂದಿರಲಿಲ್ರಿ ಅಕ್ಕೋರ. ಇಂವ ಓದದನ ತಂದಾನ ನೋಡ್ರಿ!”

ಶೀರ್ಷಾಸನ

ನಮ್ಮಲ್ಲಿ ತಿದ್ದುವ ಮಷೀನು ಇರಲಿಲ್ಲ. ಹೆಡ್ಮಾಸ್ತರರೇ ಮಷೀನು. ಅವರು ಯಾರದೋ ಮದುವೆಯ ದಪ್ಪನೆಯ ಲಗ್ನಪತ್ರಿಕೆ ತೆಗೆದುಕೊಂಡು, ಸರಿ ಉತ್ತರ ಇರುವಲ್ಲೆಲ್ಲ ಊದಿನಕಡ್ಡಿಯಿಂದ ಸುಟ್ಟು ತೂತು ಮಾಡಿದರು. ಅದನ್ನು ಉತ್ತರದ ಹಾಳೆಯ ಮೇಲಿಟ್ಟು ತೂತಿನಲ್ಲಿ ಕಾಣುವ ಕಪ್ಪು ಚುಕ್ಕೆ ಎಣಿಸಿದರೆ ಮಾರ್ಕ್ಸು ಬಂತು. ಪತ್ರಿಕೆಯ ಮೇಲ್ತುದಿಯಲ್ಲಿ ಗಣಪತಿಯ ಚಿತ್ರವಿತ್ತು. ಅದು ಮೇಲೆ ಬರುವಂತೆ ಇಡಬೇಕು, ಅಷ್ಟೇ ನಿಯಮ.

ಒಂದು ಸೋಮವಾರ ಇನ್ನೊಂದು ಅಭ್ಯಾಸ ಪರೀಕ್ಷೆಯ ಫಲಿತಾಂಶ ಹೇಳಲು ಹೆಡ್ಮಾಸ್ತರರು ತರಗತಿಗೆ ಬಂದರು. ಮೊದಲ ನಂಬರು ಯಾರು? ಹಿಂದಿನ ಬೆಂಚಿನಲ್ಲಿ ವರ್ಷವಿಡೀ ನಿದ್ದೆ ಹೊಡೆದ ಹುಡುಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್ಮಾಸ್ತರರು ಜೇಬಿನಿಂದ ತಮ್ಮ ಸ್ವಂತ ಪೆನ್ನು ತೆಗೆದು ಅವನಿಗೆ ಕೊಟ್ಟರು. ಅವನಂತೂ ಯಾರದೋ ಮದುವೆಗೆ ಬಂದವನಂತೆ ಪಿಳಿಪಿಳಿ ನೋಡುತ್ತ ನಿಂತ.

ಗೌಂಡಿಯ ಮಗಳಿಗೆ ಎರಡು ಮಾರ್ಕ್ಸು. ಅವಳು ಅಳಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಪಾಟೀಚೀಲಕ್ಕೆ ಹಾಕಿ ನನ್ನ ಮೇಜಿನ ಹತ್ತಿರ ಬಂದಳು.

“ಅಕ್ಕೋರ, ಹಂಗಾರ ನಾನು ನಮ್ಮಪ್ಪನ ಸಂಗಾಟ ಹೋಗಿಬಿಡ್ಲೇನ್ರಿ?”

ಅವಳನ್ನು ಕೂರಿಸಿ ಹಾಳೆಗಳನ್ನೂ ಲಗ್ನಪತ್ರಿಕೆಯನ್ನೂ ಹೆಡ್ಮಾಸ್ತರರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ. ಪತ್ರಿಕೆಯನ್ನು ನೀವು ಇಟ್ಟಿದ್ದ ಹಾಗೆಯೇ ಹಾಳೆಯ ಮೇಲಿಟ್ಟು ತೋರಿಸಿ ಎಂದೆ. ತೋರಿಸಿದರು.

“ಸರ್, ಗಣಪತಿ ಶೀರ್ಷಾಸನ ಹಾಕ್ಯಾನಲ್ರಿ!”

ತಿರುಗಿಸಿ ಇಟ್ಟು ಎಣಿಸಿದರೆ ಗೌಂಡಿಯ ಮಗಳೇ ಮೊದಲು. ನಿದ್ದೆಯ ಹುಡುಗ ತನ್ನ ಹಳೆಯ ಜಾಗಕ್ಕೆ, ಕೊನೆಗೆ. ಹೆಡ್ಮಾಸ್ತರರು ಒಳ್ಳೆಯ ಮನುಷ್ಯ. ಕೊಟ್ಟ ಪೆನ್ನು ವಾಪಸು ಕೇಳಲಿಲ್ಲ, “ಇರಲಿ ಬಿಡಪಾ, ಇನ್ನ ಮ್ಯಾಲರ ಓದು” ಎಂದರು. ಹುಡುಗ ಪೆನ್ನನ್ನು ಎದೆಗೊತ್ತಿಕೊಂಡು ಎದ್ದು ನಿಂತ.

“ಸರ್, ಓದ್ತೇನ್ರಿ. ಆದ್ರ ನನ್ನ ಪೇಪರ್ ಮಾತ್ರ ದಿನಾ ಉಲ್ಟಾ ಇಟ್ಟು ತಪಾಸ್ ಮಾಡ್ರಿ.”

ಸುಳ್ಳಿನ ಸೋಫಾ

ಗೌಂಡಿಯ ಮಗಳು ಲೆಕ್ಕದಲ್ಲಿ ಎಡವುತ್ತಿರಲಿಲ್ಲ. ಅವಳ ತೊಂದರೆ ಬೇರೆ. ಅಂಗಡಿಯಿಂದ ತಂದ ಗೈಡಿನಲ್ಲಿ ಒಂದು ಪ್ರಶ್ನೆ: ಮಳೆಯಿಂದ ರಕ್ಷಣೆಗೆ ನಾವು ಏನನ್ನು ಬಳಸುತ್ತೇವೆ? ಕೊಡೆ, ಪೊರಕೆ, ಕನ್ನಡಕ, ಬೀಗ. ಇದಕ್ಕಿಂತ ಸುಲಭದ ಪ್ರಶ್ನೆ ಉಂಟೇ? ಅವಳು ಆ ನಾಲ್ಕನ್ನೂ ಬಿಟ್ಟು, ಪಕ್ಕದಲ್ಲಿ ಐದನೆಯ ಗೋಲವೊಂದನ್ನು ದುಂಡಗೆ ಬರೆದು, ಎದುರಿಗೆ ‘ಸಿಮೆಂಟ್ ಚೀಲ’ ಎಂದು ಬರೆದು, ಗೋಲವನ್ನು ಚೆಂದಗೆ ಕಪ್ಪು ಮಾಡಿದ್ದಳು.

ನಾನು ಕಣ್ಣು ಕೆಂಪಗೆ ಮಾಡಿದೆ. ಅವಳು ಹೆದರಲಿಲ್ಲ.

“ನಮ್ಮ ಮನ್ಯಾಗ ಕೊಡಿ ಇಲ್ರಿ ಅಕ್ಕೋರ. ತಲಿ ಮ್ಯಾಲ ಸಿಮೆಂಟ್ ಚೀಲದ ಕೊಪ್ಪಿ ಹಾಕ್ಕೊಂತೇವ್ರಿ, ಎಲ್ಲಾರೂ.”

ಮುಂದಿನದು: ಮನೆಗೆ ಬಂದ ಅತಿಥಿಗಳನ್ನು ಎಲ್ಲಿ ಕೂರಿಸುತ್ತೇವೆ? ಸೋಫಾ, ಒಲೆ, ಕಪಾಟು, ಬಾವಿಕಟ್ಟೆ. ಅಲ್ಲಿಯೂ ಐದನೆಯ ಗೋಲ. ಎದುರಿಗೆ ‘ಹೊರಗ, ಇಟ್ಟಂಗಿ ಮ್ಯಾಲ’.

“ಐದನೇ ಗೋಲ ಬರದ್ರ ಮಷೀನ್ ನಿನ್ನ ಪೇಪರ್ ಒಗೀತೈತಿ ನೋಡವ್ವ. ಸೀಟ್ ಹೋಗ್ತೈತಿ.”

“ನಾವು ಹೆಂಗ ಇರ್ತೇವಿ ಅಂತ ಆ ಮಷೀನಿಗೆ ಯಾರೂ ಹೇಳಿಲ್ಲೇನ್ರಿ?”

ಅವಳ ಮೇಲಿನ ಸಿಟ್ಟು ಇಳಿದು ಆ ಗೈಡು ಬರೆದವನ ಮೇಲೆ ಏರಿತು. ಆದರೆ ಸೀಟು ಕೊಡುವವರು ಗೈಡು ಬರೆದವನ ಕಡೆಯವರು. ಮಕ್ಕಳಿಗೆ ಖರೇ ಹೇಳಿ ಖರೇ ಹೇಳಿ ಎಂದು ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡ ನಾನು, ಅವತ್ತು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಪರೀಕ್ಷಾದಾಗ ಮಾತ್ರ ಖರೇ ಹೇಳಬ್ಯಾಡ. ಪುಸ್ತಕದವರು ಏನಂತಾರ ಅದನ್ನ ತುಂಬು” ಎಂದೆ.

ಮರುದಿನ ಅವಳು ಹಾಳೆ ತಂದು ತೋರಿಸಿದಳು. ಐದನೆಯ ಗೋಲ ಒಂದೂ ಇರಲಿಲ್ಲ. ಶಾಬಾಸ್ ಎನ್ನುವಷ್ಟರಲ್ಲಿ ನನ್ನ ಸೀರೆಯ ಸೆರಗು ಹಿಡಿದು ಜಗ್ಗಿದಳು.

“ಸೋಫಾ ತುಂಬೇನ್ರಿ ಅಕ್ಕೋರ. ನಮ್ಮವ್ವಗ ಮಾತ್ರ ಹೇಳಬ್ಯಾಡ್ರಿ, ಸುಳ್ಳ ಹೇಳಿದ್ರ ಬಡೀತಾಳ.”

ಮಷೀನಿಗೊಂದು ಕಾಯಿ

ಪರೀಕ್ಷೆಯ ಹಿಂದಿನ ಭಾನುವಾರ ಪಾಲಕರ ಸಭೆ. ಉತ್ತರ ತಿದ್ದುವುದು ಮಷೀನು ಎಂದು ನಾನು ಹೇಳಿದ್ದೇ ತಡ, ವೆರ್ಣಾದ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವ ಒಬ್ಬ ತಂದೆ ಎದ್ದು ನಿಂತರು.

“ಮಷೀನಂದ್ರ ಹಗುರ ತಿಳೀಬ್ಯಾಡ್ರಿ ಅಕ್ಕೋರ. ಖಂಡೇನವಮಿಗೆ ಆಯುಧ ಪೂಜಿ ಮಾಡದಿದ್ರ ಚಲೋ ಮಾಲನ್ನೂ ರಿಜೆಕ್ಟ್ ಮಾಡ್ತೈತಿ. ಈ ಪೇಪರಿನ ಮಷೀನ್ ಎಲ್ಲೈತಿ ಹೇಳ್ರಿ, ಹೋಗಿ ಒಂದು ಕಾಯಿ ಒಡದು ಬರ್ತೇವಿ.”

ಅದು ದೂರ ಎಲ್ಲೋ ಇದೆ, ನನಗೂ ಗೊತ್ತಿಲ್ಲ ಎಂದೆ. ಎಲ್ಲರ ಮುಖ ಸಪ್ಪಗಾಯಿತು. ಆಗ ಗೌಂಡಿಯ ಹೆಂಡತಿ, “ಮಷೀನ್ ಸಿಗದಿದ್ರ ಬಿಡ್ರಿ. ಪೆನ್ಸಿಲ್ ನಮ್ಮ ಕೈಯಾಗ ಐತೆಲ್ಲ” ಎಂದಳು.

ಪರೀಕ್ಷೆಯ ದಿನ ನಮ್ಮ ಮಕ್ಕಳ ಪೆನ್ಸಿಲ್ಲುಗಳೆಲ್ಲ ಅರಿಸಿನ ಕುಂಕುಮ ಹಚ್ಚಿಕೊಂಡು ಬಂದಿದ್ದವು. ಗೌಂಡಿಯ ಮಗಳದಕ್ಕಂತೂ ಒಂದು ಸೇವಂತಿಗೆ ಹೂ ಕಟ್ಟಿತ್ತು. ಪರೀಕ್ಷಾ ಹಾಲಿನಲ್ಲಿದ್ದ ಮೇಲ್ವಿಚಾರಕಿ, ಕೊರಳಲ್ಲಿ ಶಿಲುಬೆ ಹಾಕಿಕೊಂಡ ಹಿರಿಯ ಹೆಂಗಸು, ಆ ಪೆನ್ಸಿಲ್ಲನ್ನು ಎತ್ತಿ ಹಿಡಿದು “ಹೆಂ ಕಿತೆಂ?”, ಏನಿದು ಎಂದು ಕೊಂಕಣಿಯಲ್ಲಿ ಕೇಳಿ, ಹೊರಗೆ ನಿಂತಿದ್ದ ನನ್ನನ್ನು ಒಳಗೆ ಕರೆಸಿದರು. ಕಾಪಿ ಮಾಡುವ ಗುಟ್ಟಿನ ಗುರುತೇನಾದರೂ ಇರಬಹುದೆಂದು ಅವರಿಗೆ ಸಂಶಯ. ಹಾಲಿನಿಂದ ಹುಡುಗಿಯನ್ನು ಎಬ್ಬಿಸಿಬಿಟ್ಟರೆ ಎಲ್ಲ ಮುಗಿಯಿತು! ನನ್ನ ಹರಕು ಮುರುಕು ಕೊಂಕಣಿಯಲ್ಲಿ, ಇದು ದೇವರಿಗೆ ಇಟ್ಟು ತಂದದ್ದು, ತಾಯಂದಿರ ಕೆಲಸ ಎಂದು ತಿಳಿಸಿದೆ.

ಮೇಲ್ವಿಚಾರಕಿ ನನ್ನನ್ನು ನೋಡಿದರು, ಹೂವನ್ನು ನೋಡಿದರು. ಏನೋ ನೆನಪಾದವರಂತೆ ತಮ್ಮ ಬ್ಯಾಗಿಗೆ ಕೈಹಾಕಿ ಒಂದು ಹೊಸ ಪೆನ್ನು ತೆಗೆದು ಹಣೆ ಚಚ್ಚಿಕೊಂಡರು. ಅವರ ಮಗನಿಗೂ ಅಂದೇ ಬೇರೆ ಕಡೆ ಯಾವುದೋ ಪರೀಕ್ಷೆ. ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಯ ಕೈಯಿಂದ ಆಶೀರ್ವಾದ ಮಾಡಿಸಿದ ಪೆನ್ನು ಅದು. ಅವನಿಗೆ ಕೊಡುವುದನ್ನೇ ಮರೆತಿದ್ದರು.

ಹೂ ಕಟ್ಟಿದ ಪೆನ್ಸಿಲ್ಲನ್ನು ಹುಡುಗಿಯ ಕೈಗೆ ವಾಪಸು ಕೊಡುತ್ತ ನಿಟ್ಟುಸಿರು ಬಿಟ್ಟರು. “ಟೀಚರ್ ಬಾಯಿ, ನಿಮ್ಮ ದೇವರಾದರೂ ಹಾಲಿನ ತನಕ ಬಂದ. ನಮ್ಮವನು ಬ್ಯಾಗಿನಲ್ಲೇ ಉಳಿದುಬಿಟ್ಟ!”

ನಾಲ್ಕು ಮಂಚ

ಹೊರಗೆ ಬಂದ ಗೌಂಡಿಯ ಮಗಳನ್ನು ನಾನು ಕೇಳಿದ ಮೊದಲ ಮಾತು, “ಐದನೇ ಗೋಲ?”

“ಒಮ್ಮೆ ಕೈ ಹೋಗಿತ್ರಿ. ತಡಕೊಂಡೆ.”

ಶಾಲೆಗೆ ಫೋನ್ ಇರಲಿಲ್ಲ. ಫಲಿತಾಂಶ ಬಟ್ಟೆ ಅಂಗಡಿಯ ಫೋನಿಗೆ ಬಂತು. ಅಂಗಡಿಕಾರರು ಟೇಪು ಕೊರಳಲ್ಲಿದ್ದ ಹಾಗೆಯೇ ಮೆಟ್ಟಿಲು ಹತ್ತಿ ಓಡಿ ಬಂದು, “ಅಕ್ಕೋರ, ಗೌಂಡಿ ಮಗಳಿಗೆ ಸೀಟ್ ಆತು!” ಎಂದು ಏದುಸಿರು ಬಿಟ್ಟರು. ನನಗೆ ಕಣ್ಣು ತುಂಬಿ ಬಂತು. ಹುಡುಗಿಯನ್ನು ತಬ್ಬಿಕೊಂಡೆ. ಆಮೇಲೆ ನೆನಪಾಗಿ, ನಿಮ್ಮ ಮಗನದು ಏನಾಯಿತು ಎಂದು ಕೇಳಿದೆ.

“ನಮ್ಮವಂದು ಆಗಲಿಲ್ರಿ. ಅವರು ಫಿಕ್ಸ್ ರೇಟಿನ ಅಂಗಡ್ಯವರು ಕಾಣ್ತಾರ.”

ಶಾಲೆ ಸೇರುವ ದಿನ ಹುಡುಗಿ, ಅವಳ ಅಪ್ಪ ಅವ್ವ, ನಾನು ಬಸ್ಸಿನಲ್ಲಿ ಹೋದೆವು. ವಾರ್ಡನ್ ಒಂದು ಕೋಣೆಯ ಬಾಗಿಲು ತೆಗೆದರು. ನಾಲ್ಕು ಕಬ್ಬಿಣದ ಮಂಚ, ನಾಲ್ಕು ಹಾಸಿಗೆ. ಈ ಕೋಣೆಗೆ ಇವಳೇ ಮೊದಲು ಬಂದವಳು, ಬೇಕಾದದ್ದನ್ನು ಆರಿಸಿಕೊಳ್ಳಲಿ ಎಂದು ಹಿಂದಿಯಲ್ಲಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಗೌಂಡಿ ಆಗಲೇ ಗೋಡೆಗಳನ್ನು ಬೆರಳಿನಿಂದ ಬಡಿದು ನೋಡುತ್ತಿದ್ದ.

ಹುಡುಗಿ ಒಂದೊಂದು ಮಂಚದ ಹತ್ತಿರವೂ ಹೋದಳು. ಬಗ್ಗಿ ಕೆಳಗೆ ನೋಡಿದಳು, ನೆಲದಿಂದ ಎಷ್ಟು ಎತ್ತರವೆಂದು ಕೈ ಹಿಡಿದು ನೋಡಿದಳು. ಆರಿಸಲಿಲ್ಲ. ವಾರ್ಡನ್ ಗಡಿಯಾರ ನೋಡಿದರು.

“ಇದಕ್ಕ ಮಷೀನ್ ಇಲ್ಲವ್ವ,” ಎಂದೆ. “ನಾಲ್ಕೂ ಸರಿ ಉತ್ತರನ. ನಿನಗ ಯಾವುದು ಬೇಕು ಹೇಳು.”

“ಖರೇ ಹೇಳ್ಲೇನ್ರಿ, ಪುಸ್ತಕದವರದು ಹೇಳ್ಲೇನ್ರಿ?”

“ಖರೇ ಹೇಳು.”

ಅವಳು ಮಂಚಗಳ ನಡುವಿನ ನೆಲಕ್ಕೆ ಬೆರಳು ತೋರಿಸಿದಳು. “ಐದನೇದು. ಮಂಚದ ಮ್ಯಾಲ ಎಂದೂ ಮಲಗಿಲ್ರಿ ಅಕ್ಕೋರ. ಬಿದ್ದಗಿದ್ದರ?”

ಅವರವ್ವ ನಕ್ಕಳು, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೌಂಡಿ ನೆಲವನ್ನು ಬಡಿದು ನೋಡಿ “ಚಲೋ ಐತಿ” ಎಂದ. ನಾನು ವಾರ್ಡನ್ನರಿಗೆ ವಿಷಯ ತಿಳಿಸಿದೆ. ಅವರು ತಲೆ ಅಲ್ಲಾಡಿಸಿ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಬಿಡಿ ಎಂದು ಸಮಾಧಾನ ಹೇಳಿದರು.

ಮಳೆ ಹಿಡಿದ ಮೇಲೆ, ಮನಸ್ಸು ತಡೆಯದೆ ಒಮ್ಮೆ ನೋಡಲು ಹೋದೆ. ಗೌಂಡಿಯ ಸಂಸಾರ ಅಷ್ಟರಲ್ಲಿ ಬೇರೆ ಊರಿಗೆ ಹೋಗಿತ್ತು. ಹುಡುಗಿ ಮಾತ್ರ ವಸತಿ ಶಾಲೆಯಲ್ಲೇ ಇದ್ದಳು, ಕೆನ್ನೆ ತುಂಬಿಕೊಂಡಿದ್ದಳು. ಅವಳನ್ನು ನೋಡಿ ನನ್ನ ಜೀವಕ್ಕೆ ತಂಪಾಯಿತು. ಆದರೆ ವಾರ್ಡನ್ ಮುಖ ಗಂಟು ಹಾಕಿಕೊಂಡು ನನ್ನನ್ನು ಕೋಣೆಗೆ ಕರೆದೊಯ್ದರು. ನಾಲ್ಕು ಮಂಚಗಳ ಮೇಲೆ ನಾಲ್ಕು ಟ್ರಂಕು. ನೆಲದ ಮೇಲೆ ನಾಲ್ಕು ಹಾಸಿಗೆ, ಒಂದಕ್ಕೊಂದು ಜೋಡಿಸಿ ಸಾಲಾಗಿ ಹಾಸಿವೆ. ಉಳಿದ ಮೂವರು ಒಳ್ಳೆಯ ಮನೆಯ ಮಕ್ಕಳು, ಹುಟ್ಟಿದಂದಿನಿಂದ ಮಂಚದ ಮೇಲೆ ಮಲಗಿದವರು, ಈಗ ಯಾರೂ ಮೇಲೆ ಹತ್ತುವುದಿಲ್ಲ, ನಿಮ್ಮ ಹುಡುಗಿ ಏನು ಕಲಿಸಿದ್ದಾಳೆ ಕೇಳಿ ಎಂದರು.

ನಾನು ಹಳೆಯ ಅಭ್ಯಾಸದಂತೆ ಕಣ್ಣು ಕೆಂಪಗೆ ಮಾಡಿ ಅವಳ ಕಡೆ ತಿರುಗಿದೆ.

ಅವಳು ಗಾಬರಿಯಿಂದ ಎರಡೂ ಕೈ ಅಲ್ಲಾಡಿಸಿದಳು. “ನಾನು ಯಾರಿಗೂ ತೋರಿಸಿಲ್ರಿ ಅಕ್ಕೋರ! ಎಲ್ಲಾರೂ ತಾವ ತಾವ ಐದನೇದು ತುಂಬ್ಯಾರ್ರಿ!”