ಮಾವನ ವಂದನಾರ್ಪಣೆ

ನನ್ನ ಸೋದರಮಾವನಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಬರಬೇಕಾದರೆ ಮೊದಲು ಅದು ಹೋಗಬೇಕಷ್ಟೆ? ಹೋಗುತ್ತಲೇ ಇರಲಿಲ್ಲ. ಬೆಳಿಗ್ಗೆ ಕಾಫಿಯ ಮೇಲೆ ಶುರುವಾದದ್ದು ಪೇಪರಿನ ಮೇಲೆ, ಬಸ್ಸಿನ ಮೇಲೆ, ಬಿಸಿಲಿನ ಮೇಲೆ ಹಾದು, ಸಂಜೆ ಮನೆಯ ಬೆಕ್ಕಿನ ಮೇಲೆ ಬಂದು ನಿಲ್ಲುತ್ತಿತ್ತು. ಇಂಥವರನ್ನು ಸಮಾಜಸೇವೆಯ ಕ್ಲಬ್ಬಿಗೆ ಯಾರಾದರೂ ಸೇರಿಸಿಕೊಳ್ಳುತ್ತಾರೆಯೆ? ಕಾಸರಗೋಡಿನವರು ಸೇರಿಸಿಕೊಂಡರು. ಕ್ಲಬ್ಬಿನ ಅಧ್ಯಕ್ಷರಾಗಿದ್ದ ವಕೀಲರು ಮಾವನ ಹಳೆಯ ಶಿಷ್ಯರು. ಬೇಡ ಎನ್ನುವ ಧೈರ್ಯ ಅವರಿಗೆ ಇರಲಿಲ್ಲ.

ಕ್ಲಬ್ಬೆಂದರೆ ವಾರಕ್ಕೊಮ್ಮೆ ಪೇಟೆಯ ಹೋಟೆಲೊಂದರ ಮಾಳಿಗೆಯಲ್ಲಿ ಮಧ್ಯಾಹ್ನದ ಊಟ, ಊಟದ ಕೊನೆಗೆ ಒಬ್ಬ ಅತಿಥಿಯ ಭಾಷಣ. ಮೊದಲ ದಿನವೇ ಅಧ್ಯಕ್ಷರು ಸಭೆ ಆರಂಭಿಸಲು ಕೈಗಂಟೆ ಬಾರಿಸಿದರು. “ಇಲ್ಲಿ ಪೂಜೆಯೂ ಇಲ್ಲ, ಶಾಲೆಯೂ ಇಲ್ಲ. ಗಂಟೆ ಎಂತಕ್ಕೆ?” ಎಂದು ಮಾವ ಗುಡುಗಿದರು. ಶಿಷ್ಯರು ಗಂಟೆಯನ್ನು ಮೇಜಿನ ಕೆಳಗಿಟ್ಟರು.

ಸದಸ್ಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬೇಕೆಂಬುದು ಅಲ್ಲಿನ ನಿಯಮ. ಹೊಸದಾಗಿ ಸೇರಿದ ಡಾಕ್ಟರೊಬ್ಬ ನಿಯಮ ಪಾಲಿಸಿಯೇಬಿಟ್ಟ. ಮಾವ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ, “ನಿನ್ನ ಅಪ್ಪ ನನ್ನ ಹೆಸರು ಹೇಳಲಿಲ್ಲ. ಅಜ್ಜನೂ ಹೇಳಲಿಲ್ಲ. ನಿನಗೆ ಎಂತ ಅವಸರ?” ಎಂದರು. ಅಂದಿನಿಂದ ಇಡೀ ಕ್ಲಬ್ಬಿಗೆ ಅವರು “ಸಾರ್”.

ಇನ್ನೊಂದು ವಾರ ಸೊಳ್ಳೆಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಲು ಬಂದ ಅತಿಥಿಯನ್ನು ನಡುವೆಯೇ ನಿಲ್ಲಿಸಿ, ವ್ಯಾಕರಣ ತಿದ್ದಿ, ಆ ವಾಕ್ಯವನ್ನು ಮತ್ತೊಮ್ಮೆ ಹೇಳಿಸಿದರು. ಆತ ಹೇಳಿದ ಕೂಡ. ಇದನ್ನು ನಾನೇ ಕಂಡೆನೋ, ಯಾರೋ ಹೇಳಿದ್ದು ಕಂಡಂತೆ ಉಳಿದಿದೆಯೋ ಗೊತ್ತಿಲ್ಲ. ಮದ್ರಾಸಿನಲ್ಲಿ ತರ್ಕಶಾಸ್ತ್ರ ಓದಿ ನಾನು ಕಲಿತದ್ದು ನನ್ನನ್ನೇ ನಂಬದಿರುವುದನ್ನು.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಾವನ ಸಿಟ್ಟಿಗೆ ಕೊನೆಗೂ ಒಂದು ಸರಿಯಾದ ಕಾರಣ ಸಿಕ್ಕಿತು. ತನಗೆ ಮಲಯಾಳ ಬರುವುದಿಲ್ಲ ಎಂದು ಸಾರಿಬಿಟ್ಟರು. ಯಾರಾದರೂ ಮಲಯಾಳದಲ್ಲಿ ಗಂಟೆ ಎಷ್ಟೆಂದು ಕೇಳಿದರೆ, “ನನಗೆ ಅರ್ಥ ಆಗುದಿಲ್ಲ” ಎಂದು ಗದರಿಸಿ ಗಡಿಯಾರವನ್ನು ಜೇಬಿಗೆ ಇಳಿಸುತ್ತಿದ್ದರು. ಊರೆಲ್ಲ ನಂಬಿತ್ತು. ಯಾವುದನ್ನೂ ನಂಬದ ನಾನೂ ನಂಬಿದ್ದೆ.

ಹಾಗಿರುವಾಗ ಕೇರಳದ ತೆಂಕಣದಿಂದ, ಕನ್ನಡ ತಿಳಿಯದ ಹೊಸ ವಿದ್ಯಾಧಿಕಾರಿ ಬಂದರು. ನೆಕ್ರಾಜೆಯ ಕಡೆ ಮಾವ ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯ ಕನ್ನಡ ಡಿವಿಷನ್ ಇರಬೇಕೋ ಮುಚ್ಚಬೇಕೋ ಎಂಬುದು ಅವರ ಒಂದು ಮಾತಿನಲ್ಲಿತ್ತು. ಮುಚ್ಚಿದರೆ ಮಕ್ಕಳು ತಿಳಿಯದ ಭಾಷೆಯ ತರಗತಿಯಲ್ಲಿ ಕಣ್ಣುಬಿಟ್ಟು ಕೂರಬೇಕು, ಇಲ್ಲವೇ ಶಾಲೆ ಬಿಡಬೇಕು. ವಕೀಲರು ಉಪಾಯ ಮಾಡಿ ಅಧಿಕಾರಿಯನ್ನು ಕ್ಲಬ್ಬಿನ ಊಟಕ್ಕೆ ಅತಿಥಿಯಾಗಿ ಕರೆದರು. ಶಾಲೆ ಮಾವನದ್ದಾದ್ದರಿಂದ ವಂದನಾರ್ಪಣೆ ಮಾವನದೇ. “ಇವತ್ತೊಂದು ದಿನ ಸಿಟ್ಟು ಬೇಡ ಸಾರ್,” ಎಂದು ವಕೀಲರು ಕೈಮುಗಿದರು. ಸಿಟ್ಟೆದ್ದರೆ ಶಾಲು ಹಿಡಿದೆಳೆಯಲು ನನ್ನನ್ನು ಪಕ್ಕದಲ್ಲಿ ಕೂರಿಸಿದರು.

ಅಧಿಕಾರಿಗಳು ಚೆನ್ನಾಗಿ ಉಂಡರು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ಮನಸ್ಸು ಬಿಚ್ಚಿ ಹೇಳುತ್ತೇನೆಂದು ಮಲಯಾಳಕ್ಕೆ ಇಳಿದರು. “ಇವಿಡತ್ತೆ ಕುಟ್ಟಿಗಳ್‌ಕ್ ಭಯಂಕರ ಮಡಿಯಾಣ್. ಮಾಷನ್ಮಾರ್‌ಕ್ ಅದಿನೇಕ್ಕಾಳ್ ಮಡಿ.”

ಕನ್ನಡದ ಮಡಿ ಎಂದರೆ ಮಿಂದು, ಒಗೆದ ಬಟ್ಟೆ ಉಟ್ಟು, ಯಾರನ್ನೂ ಮುಟ್ಟದಿರುವುದು. ಮಲಯಾಳದ ಮಡಿ ಎಂದರೆ ಸೋಮಾರಿತನ. ಇಲ್ಲಿನ ಮಕ್ಕಳು ಮಹಾ ಸೋಮಾರಿಗಳು, ಮಾಷ್ಟ್ರುಗಳು ಅದಕ್ಕಿಂತ ಸೋಮಾರಿಗಳು ಎಂದು ಅತಿಥಿಗಳು ನಮ್ಮ ಪಾಯಸ ಉಂಡು ಹೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ವಕೀಲರು ಕಣ್ಣು ಮುಚ್ಚಿಕೊಂಡರು. ನಾನು ಶಾಲಿನ ತುದಿ ಹಿಡಿದೆ.

ಮಾವ ಎದ್ದರು. ಮುಖದಲ್ಲಿ ನಗು. ಆ ಮುಖದಲ್ಲಿ ನಗುವನ್ನು ನಾನು ಅದಕ್ಕೆ ಮೊದಲು ಕಂಡ ನೆನಪಿಲ್ಲ.

“ಮಾನ್ಯ ಅತಿಥಿಗಳು ನಮ್ಮ ಮಡಿಯನ್ನು ಗುರುತಿಸಿದ್ದು ಸಂತೋಷ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೇ ಮಡಿ ಉಂಟು. ನನ್ನ ಅತ್ತೆಯ ಮಡಿಯಂತೂ ಕುಂಬಳೆಯವರೆಗೆ ಪ್ರಸಿದ್ಧ. ಅವರು ಮಡಿಯಲ್ಲಿದ್ದರೆ ಯಾರೂ ಹತ್ತಿರ ಸುಳಿಯುವ ಹಾಗಿಲ್ಲ. ಮಕ್ಕಳಿಗೂ ನಾವು ಅದನ್ನೇ ಕಲಿಸಿದ್ದೇವೆ. ಮುಂದೆಯೂ ಕಲಿಸುತ್ತೇವೆ. ಅದಕ್ಕೆ ಡಿವಿಷನ್ ಒಂದು ಬೇಕು.”

ಎಲ್ಲರೂ ಎಲೆಯ ಕಡೆ ಬಗ್ಗಿದರು. ಬಗ್ಗಿದ ಬೆನ್ನುಗಳು ಕುಲುಕುತ್ತಿದ್ದವು. ಆ ಡಾಕ್ಟರ್ ಬೇರೆ, ಮಡಿ ಎಂಬ ಶಬ್ದವನ್ನು ಇದ್ದ ಹಾಗೆಯೇ ಬಿಟ್ಟು, ಉಳಿದದ್ದನ್ನೆಲ್ಲ ಮಲಯಾಳಕ್ಕೆ ತಿರುಗಿಸಿ ಹೇಳಿದ. ಅಜ್ಜನ ಕಾಲದ ಸೋಮಾರಿತನ, ಹತ್ತಿರ ಸುಳಿಯಲಾಗದ ಅತ್ತೆಯ ಸೋಮಾರಿತನ, ಶಾಲೆಯಲ್ಲಿ ಶ್ರದ್ಧೆಯಿಂದ ಕಲಿಸುವ ಸೋಮಾರಿತನ! ಅಧಿಕಾರಿಗಳು ನಕ್ಕು ನಕ್ಕು ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿಕೊಂಡರು. “ಡಿವಿಷನ್ ಅವಿಡೆ ಇರಿಕ್ಕಟ್ಟೆ,” ಎಂದರು. ಅಲ್ಲೇ ಇರಲಿ ಎಂದು.

ಡಿವಿಷನ್ ಉಳಿದದ್ದು ಸರಿ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಇಷ್ಟು ಓದಿದ ಮನುಷ್ಯ ನೆರೆಮನೆಯ ಭಾಷೆಯ ಒಂದು ಶಬ್ದ ಕಲಿಯದೆ ಪೇಟೆಯ ಎದುರು ಕೋಡಂಗಿಯಾಗುವುದೆ? ಬಸ್‌ಸ್ಟ್ಯಾಂಡಿಗೆ ನಡೆಯುವಾಗ ತಡೆಯಲಾಗಲಿಲ್ಲ.

“ಮಾವ, ಮಡಿ ಅಂದ್ರೆ ಅವರ ಭಾಷೆಯಲ್ಲಿ ಎಂತ ಅಂತ ಗೊತ್ತುಂಟಾ ನಿಮಗೆ?”

ಅವರು ನಿಂತರು. ಹಿಂದಕ್ಕೆ ತಿರುಗಿ, ಕ್ಲಬ್ಬಿನವರು ಯಾರೂ ಇಲ್ಲವೆಂದು ನೋಡಿಕೊಂಡು, ನನ್ನ ರಟ್ಟೆ ಹಿಡಿದರು.

“ಅವ ನಂಬಿದನಾ ಮಾರಾಯ?”

“ಎಂತದ್ದು?”

“ನನಗೆ ಗೊತ್ತಿಲ್ಲ ಅಂತ.”

ಇದುವರೆಗೆ ಹೇಳಿದ್ದರಲ್ಲಿ ನನ್ನ ನೆನಪು ತಪ್ಪಿರಬಹುದು. ಆಗ ಅವರು ಹೇಳಿದ್ದು ಮಾತ್ರ ಹೀಗೆಯೇ ಇತ್ತೆಂದು ಪ್ರಮಾಣ ಮಾಡಬಲ್ಲೆ.

“ಮಕ್ಕಳ ಹತ್ತಿರ ಹೇಳಬೇಡ. ಹೊಳೆ ದಾಟಿ ಬಂದು, ಒದ್ದೆ ಬಟ್ಟೆಯಲ್ಲೇ ಪಾಠಕ್ಕೆ ಕೂತುಕೊಳ್ಳುವವು ಅವು. ಅವನ್ನು ಸೋಮಾರಿ ಅಂತ ಹೇಳುವಾಗ ಮಾಷ್ಟ್ರು ಎದ್ದು ನಿಂತು ಹೌದು ಅಂದರು ಅಂತ ಅವಕ್ಕೆ ಗೊತ್ತಾಗುದು ಬೇಡ.”